ಯಾವ ಹವ್ಯಾಸ ಹಿಡಿಯಲಿ? ಮೊದಲು ನಿಮ್ಮ ಬಿಡುವು ಹೇಗಿದೆ ನೋಡಿ

ಚಿತ್ರ ಕಲಿಯಲಾ, ಗಿಟಾರ್ ಹಿಡಿಯಲಾ, ಇಲ್ಲ ಗಿಡ ಬೆಳೆಸಲಾ? ಈ ಪ್ರಶ್ನೆ ಕೇಳುವವರಿಗೆ ಆಸೆ ಕಡಿಮೆ ಇರುವುದಿಲ್ಲ, ಜಾಸ್ತಿಯೇ ಇರುತ್ತದೆ. ನಾಲ್ಕು ಹವ್ಯಾಸಗಳ ಮೇಲೆ ಮನಸ್ಸು, ಯಾವುದಕ್ಕೂ ಕೈ ಹಾಕಿಲ್ಲ. ಕೈ ಹಾಕಿದ್ದರೂ ಸ್ವಲ್ಪ ದಿನಕ್ಕೆ ಬಿಟ್ಟಿರುತ್ತಾರೆ. ಆಮೇಲೆ "ನನ್ನಲ್ಲಿ ಶ್ರದ್ಧೆ ಇಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಹಾಗೆ ಬೈದುಕೊಳ್ಳಬೇಡಿ. ಹವ್ಯಾಸ ಬಿಟ್ಟವರಲ್ಲಿ ಬಹಳ ಮಂದಿಗೆ ಅದು ಇಷ್ಟವೇ ಆಗಿತ್ತು. ಅವರಿಗೆ ಸಿಗುವ ಬಿಡುವು ಒಂದು ಥರ, ಆ ಹವ್ಯಾಸ ಕೇಳುವ ಬಿಡುವು ಇನ್ನೊಂದು ಥರ. ಹೊಂದಲಿಲ್ಲ, ಅಷ್ಟೇ. ದಿನಕ್ಕೆ ಹತ್ತು ಹತ್ತು ನಿಮಿಷ ಬಿಡುವು ಸಿಗುವವರು ಜಲವರ್ಣ ಹಿಡಿದರೆ ನೀರು ತಂದು, ಬಣ್ಣ ಕಲಸುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಹಾಗಾಗಿ "ನನಗೆ ಏನಿಷ್ಟ" ಅನ್ನುವ ಪ್ರಶ್ನೆ ಸ್ವಲ್ಪ ಪಕ್ಕಕ್ಕಿರಲಿ. "ನನ್ನ ಬಿಡುವು ಹೇಗೆ ಬರುತ್ತದೆ" ಅಂತ ಮೊದಲು ಕೇಳಿಕೊಳ್ಳಿ.

ಯಾವುದರಿಂದ ಅಳೆಯಬೇಕು?

ಮೊದಲ ಅಳತೆ ಬಿಡುವು. ಅದರ ಬಗ್ಗೆ ಮೂರು ವಿಷಯ ಗೊತ್ತಿರಬೇಕು. ಒಟ್ಟಿಗೆ ಎಷ್ಟು ಹೊತ್ತು ಸಿಗುತ್ತದೆ? ಬೆಳಗ್ಗೆ ಸಿಗುತ್ತದಾ, ರಾತ್ರಿ ಸಿಗುತ್ತದಾ? ನಡುವೆ ಯಾರಾದರೂ ಕರೆದರೆ ಎದ್ದು ಹೋಗಬೇಕಾಗುತ್ತದಾ? ಈ ಮೂರನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಟ್ಟ ಮಗು ಇರುವ ಮನೆಯಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ. ಕೆಲವು ಹವ್ಯಾಸಗಳನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಏನೂ ಆಗುವುದಿಲ್ಲ. ಕೆಲವು ಕೆಟ್ಟೇ ಹೋಗುತ್ತವೆ.

ಎರಡನೆಯ ಅಳತೆ ಶುರುವಿನ ಕಷ್ಟ. ಎಷ್ಟು ದಿನದಲ್ಲಿ "ಪರವಾಗಿಲ್ಲ, ಬಂತು" ಅನ್ನಿಸುತ್ತದೆ? ಕೆಲವದರಲ್ಲಿ ಮೊದಲ ದಿನವೇ ಅನ್ನಿಸುತ್ತದೆ. ಕೆಲವದರಲ್ಲಿ ತಿಂಗಳುಗಟ್ಟಲೆ ಕಾಯಬೇಕು. ನಿಮಗೆ ತಾಳ್ಮೆ ಎಷ್ಟು ಅನ್ನುವುದು ನಿಮಗೇ ಗೊತ್ತು, ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಸಾಕು.

ದುಡ್ಡಿನಲ್ಲಿ ಎರಡು ಥರ. ಮೊದಲ ಖರ್ಚು ಬೇರೆ, ನಡೆಸಿಕೊಂಡು ಹೋಗುವ ಖರ್ಚು ಬೇರೆ. ಬೈನಾಕ್ಯುಲರ್‌ಗೆ ಒಂದೇ ಸಲ ದುಡ್ಡು, ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ನೂಲು, ಬಣ್ಣ, ಕಾಗದ ಶುರುವಿಗೆ ಅಗ್ಗ, ಆದರೆ ಖಾಲಿಯಾಗುತ್ತಲೇ ಇರುತ್ತವೆ.

ಕೊನೆಯದು, ದಿನವಿಡೀ ನಿಮ್ಮ ಯಾವ ಅಂಗ ದುಡಿದಿರುತ್ತದೆ? ಎಂಟು ಗಂಟೆ ಪರದೆ ನೋಡಿದ ಕಣ್ಣಿಗೆ ಮತ್ತೆ ಪರದೆ ಬೇಡ. ಇಡೀ ದಿನ ಮಾತಾಡುವ ಕೆಲಸದವರಿಗೆ ಸಂಜೆ ಗುಂಪು ಬೇಕಾಗದೇ ಇರಬಹುದು. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಜನ ಬೇಕಾಗಬಹುದು. ಇದರ ಜೊತೆಗೆ ಮನೆಯ ಜಾಗ, ಪಕ್ಕದವರಿಗೆ ಸದ್ದು ಕೇಳುತ್ತದಾ ಅನ್ನುವುದನ್ನೂ ಸೇರಿಸಿಕೊಳ್ಳಿ.

ಓದು, ಸಿನಿಮಾ, ಪ್ರವಾಸವನ್ನು ಇಲ್ಲಿ ಬಿಟ್ಟಿದ್ದೇನೆ. ಅವು ತಮಗೆ ಹಿಡಿಸುತ್ತವೋ ಇಲ್ಲವೋ ಅಂತ ಹೆಚ್ಚಿನವರಿಗೆ ಆಗಲೇ ಗೊತ್ತಿರುತ್ತದೆ. ಗೊಂದಲ ಇರುವುದು ಹೊಸದಾಗಿ ಕಲಿಯಬೇಕಾದವುಗಳ ಬಗ್ಗೆ.

ವಾದ್ಯ: ದಿನವೂ ಸ್ವಲ್ಪ, ತಪ್ಪಿಸುವಂತಿಲ್ಲ

ವಾದ್ಯಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂತರೆ ಅಷ್ಟು ಫಲ ಸಿಗುವುದಿಲ್ಲ. ಬೆರಳಿಗೆ ಅಭ್ಯಾಸ ಆಗುವುದೇ ನಡುವೆ ನಿದ್ದೆ, ವಿರಾಮ ಸಿಕ್ಕಾಗ. ವಾರಕ್ಕೊಂದೇ ದಿನ ಬಿಡುವು ಸಿಗುವವರು ವಾದ್ಯ ಆರಿಸಿಕೊಂಡರೆ ಪ್ರತಿ ವಾರವೂ ಮೊದಲಿನಿಂದ ಶುರು ಮಾಡಿದ ಹಾಗೆ ಆಗುತ್ತದೆ.

ಯಾವ ವಾದ್ಯ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇದೆ. ಪುಟ್ಟ ಗಿಟಾರಿನಂತಿರುವ ಯುಕುಲೇಲೆಗೆ ನಾಲ್ಕೇ ತಂತಿ, ಅದೂ ನೈಲಾನ್ ಥರದ ಮೆತ್ತನೆಯವು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಇಲ್ಲಿ ಸಿ ಕಾರ್ಡ್‌ಗೆ ಒಂದೇ ಬೆರಳು ಸಾಕು. ಮೊದಲ ವಾರದಲ್ಲೇ ಹಾಡಿನ ಹಿಂದೆ ನುಡಿಸುವಷ್ಟು ಬರುತ್ತದೆ. ಗಿಟಾರ್‌ಗೆ ಆರು ತಂತಿ. ಸ್ಟೀಲ್ ತಂತಿಯದಾದರೆ ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತದೆ. ಅದು ದಾಟಿತು ಅನ್ನುವಷ್ಟರಲ್ಲಿ ಎಫ್ ಬ್ಯಾರೆ ಕಾರ್ಡ್ ಬರುತ್ತದೆ. ಒಂದೇ ತೋರುಬೆರಳಲ್ಲಿ ಆರೂ ತಂತಿ ಒತ್ತಬೇಕು. ಒಂದೆರಡು ತಂತಿ ನುಡಿಯದೆ "ಟಪ್" ಅನ್ನುತ್ತವೆ. ಎಷ್ಟೋ ಜನ ಗಿಟಾರನ್ನು ಮೂಲೆಗಿಡುವುದು ಇಲ್ಲೇ. ಈ ಕಷ್ಟ ಎಲ್ಲರಿಗೂ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ದಾಟುವುದು ಸುಲಭ.

ಕೀಬೋರ್ಡ್‌ನ ಲಾಭ ಬೇರೆ. ಒತ್ತಿದ ತಕ್ಷಣ ಸ್ವರ ಸರಿಯಾಗಿಯೇ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ನುಡಿಸಬಹುದು. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮಾತ್ರ ಬಿಡುವು ಸಿಗುವವರಿಗೆ ಇದೇ ಸರಿ. ಶುರುವಿಗೆ 61 ಮನೆಗಳದ್ದು, ಅಂದರೆ ಒತ್ತುವ ಕೀ 61 ಇರುವುದು, ಸಾಕು. ಪಿಯಾನೋವನ್ನೇ ಗಟ್ಟಿಯಾಗಿ ಕಲಿಯುವ ಆಸೆ ಇದ್ದರೆ ಮಾತ್ರ ಪಿಯಾನೋದ ಹಾಗೆ ಒತ್ತಲು ತೂಕ ಅನ್ನಿಸುವ ಮನೆಗಳಿರುವ 88ರದ್ದು ನೋಡಿ. ಕೊಳಲು, ಪಿಟೀಲು ಇವುಗಳ ದಾರಿ ಉದ್ದ. ಕೊಳಲಲ್ಲಿ ಮೊದಲು ಉಸಿರಿಗೆ ಸದ್ದು ಹುಟ್ಟಬೇಕು. ಪಿಟೀಲಿನ ಕತ್ತಿನ ಮೇಲೆ ಗಿಟಾರಿನ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಆ ನಾದದ ಮೇಲೆ ನಿಜವಾಗಿ ಮೋಹ ಇದ್ದರೆ ಧೈರ್ಯವಾಗಿ ಹಿಡಿಯಿರಿ, ಆದರೆ ಗುರು ಇಲ್ಲದೆ ಬೇಡ. ಇಲ್ಲಿ ಹೇಳಿರುವ ಹವ್ಯಾಸಗಳಲ್ಲಿ ಕಲಿಸುವವರ ಅಗತ್ಯ ಜಾಸ್ತಿ ಇರುವುದು ವಾದ್ಯಕ್ಕೇ. ತಪ್ಪು ಹಿಡಿತ ಒಮ್ಮೆ ಕೈಗೆ ಕೂತರೆ ಬಿಡಿಸುವುದು ಕಷ್ಟ.

ಇನ್ನೊಂದು ಮಾತು. ವಾದ್ಯವನ್ನು ಚೀಲದಲ್ಲಿಟ್ಟು ಕಪಾಟಿನ ಮೇಲೆ ಇಡಬೇಡಿ. ಬಿಸಿಲು ಬೀಳದ ಕಡೆ, ಕಣ್ಣಿಗೆ ಕಾಣುವ ಹಾಗೆ ಸ್ಟ್ಯಾಂಡ್ ಮೇಲಿಡಿ. ಹದಿನೈದು ನಿಮಿಷದ ಬಿಡುವಲ್ಲಿ ಐದು ನಿಮಿಷ ತೆಗೆಯುವುದಕ್ಕೇ ಹೋದರೆ ಕೈ ಆ ಕಡೆ ಹೋಗುವುದೇ ಇಲ್ಲ.

ಚಿತ್ರ: ಅಗ್ಗ, ಆದರೆ ತಾಳ್ಮೆ ಕೇಳುತ್ತದೆ

ಖರ್ಚಿನಲ್ಲಿ ಪೆನ್ಸಿಲ್ ಚಿತ್ರಕ್ಕೆ ಸಾಟಿ ಇಲ್ಲ. ಎಚ್‌ಬಿ, 2ಬಿ, 4ಬಿ ಮೂರು ಪೆನ್ಸಿಲ್, ಒಂದು ಪುಸ್ತಕ. ಬಿ ಮುಂದಿನ ಅಂಕಿ ದೊಡ್ಡದಾದಷ್ಟೂ ಪೆನ್ಸಿಲ್ ಮೆತ್ತಗೆ, ಗೆರೆ ಕಪ್ಪು. ಇದನ್ನು ಎಲ್ಲಿ ಬೇಕಾದರೂ ತೆಗೆಯಬಹುದು, ಯಾವಾಗ ಬೇಕಾದರೂ ಮುಚ್ಚಿಡಬಹುದು. ಬಸ್ಸಿಗೆ ಕಾಯುವಾಗಲೂ ಆಗುತ್ತದೆ.

ಕಷ್ಟ ಇರುವುದು ಬೇರೆ ಕಡೆ. ನಿಮ್ಮ ಚಿತ್ರ ಚೆನ್ನಾಗಿಲ್ಲ ಅನ್ನುವುದು ನಿಮಗೆ ಕೂಡಲೇ ಕಾಣುತ್ತದೆ. ಮೇಜಿನ ಮೇಲೆ ಒಂದು ಲೋಟ ಇಟ್ಟು ಬರೆಯಿರಿ. ಹೊಸಬರು ಲೋಟದ ಬಾಯನ್ನು ಮೊಟ್ಟೆಯಾಕಾರಕ್ಕೆ ಬರೆದು, ತಳಕ್ಕೆ ನೇರವಾಗಿ ಒಂದು ಗೆರೆ ಎಳೆದುಬಿಡುತ್ತಾರೆ. ಮೇಜಿನ ಮೇಲೆ ಕೂತಿದೆಯಲ್ಲ, ತಳ ಚಪ್ಪಟೆ ಅಂತ ತಲೆ ಹೇಳುತ್ತದೆ. ಲೋಟವನ್ನೇ ದಿಟ್ಟಿಸಿ ನೋಡಿದರೆ ತಳದ ಅಂಚು ಬಾಯಿಯ ಅಂಚಿಗಿಂತ ಜಾಸ್ತಿ ದುಂಡಗೆ ಬಾಗಿರುತ್ತದೆ. ಕಣ್ಣಿನ ಮಟ್ಟದಿಂದ ಅದು ಇನ್ನೂ ಕೆಳಗಿದೆ, ಅದಕ್ಕೆ. ಚಿತ್ರ ಕಲಿಯುವುದು ಅಂದರೆ ಮುಕ್ಕಾಲು ಪಾಲು ಹೀಗೆ ನೋಡಲು ಕಲಿಯುವುದು. ಈ ನೋಟ ಒಮ್ಮೆ ಬಂತೆಂದರೆ ಕಾಗದ ಇಲ್ಲದಿದ್ದಾಗಲೂ ಜೊತೆಗಿರುತ್ತದೆ. ನನ್ನ ಮಟ್ಟಿಗೆ ಚಿತ್ರದ ದೊಡ್ಡ ಲಾಭ ಅದೇ, ಬರೆದ ಹಾಳೆಗಳಿಗಿಂತಲೂ.

ಬಣ್ಣಕ್ಕೆ ಹೋಗುವಾಗ ಯೋಚಿಸಿ. ಜಲವರ್ಣಕ್ಕೆ ಮುಕ್ಕಾಲು ಗಂಟೆಯಾದರೂ ಒಟ್ಟಿಗೆ ಬೇಕು, ನಡುವೆ ಎದ್ದರೆ ಬಣ್ಣ ಒಣಗಿ ಅಂಚು ಕಟ್ಟುತ್ತದೆ. ದುಡ್ಡು ಕಡಿಮೆ ಇದ್ದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಉಳಿಸಬೇಡಿ. ತೆಳು ಕಾಗದ ನೀರು ಬಿದ್ದ ಕೂಡಲೇ ಸುಕ್ಕಾಗುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ತೂಕ) ಕಾಗದ ಅಷ್ಟು ಸುಲಭಕ್ಕೆ ಸುಕ್ಕಾಗುವುದಿಲ್ಲ. ಕೆಟ್ಟ ಕಾಗದದ ಮೇಲೆ ಕಲಿಯುವವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ, ಪಾಪ. ಹೊತ್ತು ಕಡಿಮೆ ಇರುವವರು ಬಣ್ಣದ ಪೆನ್ಸಿಲ್‌ನಲ್ಲೇ ಇರಲಿ.

ಕ್ರೋಶಾ: ಎದ್ದು ಹೋಗಬೇಕಾದವರಿಗೆ

ಪದೇ ಪದೇ ಏಳಬೇಕಾದವರಿಗೆ ನಾನು ಮೊದಲು ಹೇಳುವುದು ಕ್ರೋಶಾ. ಒಂದು ಕೊಕ್ಕೆ, ಒಂದು ಉಂಡೆ ನೂಲು. ಯಾವ ಹೊತ್ತಲ್ಲೂ ಕೊಕ್ಕೆಯ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ ಉಳಿದಿರುತ್ತದೆ. ಅದನ್ನು ಸ್ವಲ್ಪ ದೊಡ್ಡದಾಗಿ ಎಳೆದು ಹಾಗೇ ಇಟ್ಟು ಎದ್ದರಾಯಿತು. ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳೂ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ, ಸರಿಪಡಿಸುವುದು ಹೊಸಬರಿಗೆ ತಲೆನೋವು. ಹೆಣಿಗೆಯ ಬಟ್ಟೆ ಮೆತ್ತಗೆ, ತೆಳ್ಳಗೆ ಬರುತ್ತದೆ. ಸ್ವೆಟರ್ ಹಾಕಬೇಕು ಅನ್ನುವವರಿಗೆ ಅದೇ ಒಳ್ಳೆಯದು. ಕ್ರೋಶಾಕ್ಕೆ ನೂಲು ಜಾಸ್ತಿ ಹಿಡಿಯುತ್ತದೆ, ಬಟ್ಟೆ ದಪ್ಪ. ಗೊಂಬೆ, ಚೀಲ, ಹೊದಿಕೆಗೆ ಸರಿ.

ಶುರುವಿಗೆ 5 ಮಿಲಿಮೀಟರ್ ಕೊಕ್ಕೆ ತೆಗೆದುಕೊಳ್ಳಿ. ನೂಲು ಮಧ್ಯಮ ದಪ್ಪದ್ದು, ನುಣುಪಾದದ್ದು, ತಿಳಿ ಬಣ್ಣದ್ದು ಇರಲಿ. ಕಪ್ಪು ನೂಲಲ್ಲಿ ಹೊಲಿಗೆಯೇ ಕಾಣುವುದಿಲ್ಲ. ಮೊದಲ ಚೌಕ ಬರಬರುತ್ತಾ ತ್ರಿಕೋನ ಆಗುತ್ತದೆ, ಯಾಕೆಂದರೆ ಸಾಲಿನ ಕೊನೆಯ ಹೊಲಿಗೆ ತಪ್ಪಿಹೋಗಿರುತ್ತದೆ. ಪ್ರತಿ ಸಾಲಿನ ಕೊನೆಗೆ ಎಣಿಸಿ. ತಪ್ಪಾಯಿತಾ? ದಾರ ಎಳೆದು ಬಿಚ್ಚಿ, ಅದೇ ನೂಲಲ್ಲಿ ಮತ್ತೆ ಹಾಕಿ. ತಪ್ಪಿಗೆ ದಂಡವೇ ಇಲ್ಲದ ಹವ್ಯಾಸ ಇದು. ಆದರೆ ದಿನವಿಡೀ ಟೈಪ್ ಮಾಡುವವರು, ಮಣಿಕಟ್ಟು ನೋವಿರುವವರು ಹುಷಾರು. ಇಲ್ಲಿಯೂ ದುಡಿಯುವುದು ಅದೇ ಮಣಿಕಟ್ಟು.

ಹಕ್ಕಿ ಮತ್ತು ಆಕಾಶ: ಒಂದೇ ಬೈನಾಕ್ಯುಲರ್, ಎರಡು ಹೊತ್ತು

ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣ ಇದೆ. ಎರಡಕ್ಕೂ ಬೇಕಾದದ್ದು ಒಂದೇ ಸಾಮಾನು. ಪರದೆ ನೋಡಿ ದಣಿದ ಕಣ್ಣಿಗೆ ಎರಡೂ ದೂರದ ನೋಟ ಕೊಡುತ್ತವೆ.

ಬೆಳಗ್ಗೆ ಬೇಗ ಏಳುವವರಿಗೆ ಹಕ್ಕಿ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಹಕ್ಕಿಗಳ ಓಡಾಟ ಜಾಸ್ತಿ. ಬೈನಾಕ್ಯುಲರ್ ಇಲ್ಲದೆಯೂ ಶುರು ಮಾಡಬಹುದು. ಮರ್ಲಿನ್ ಅನ್ನುವ ಉಚಿತ ಆಪ್ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ನೋಡಿ ಒಪ್ಪಿಕೊಳ್ಳಿ, ಸುಮ್ನೆ ನಂಬಬೇಡಿ. ಮೊದಲ ದಿನವೇ ಖುಷಿ ಸಿಗುವ ಹವ್ಯಾಸ ಇದು, ಏಕೆಂದರೆ ಇಲ್ಲಿ ಚೆನ್ನಾಗಿ ಮಾಡಬೇಕಾದದ್ದು ಏನೂ ಇಲ್ಲ, ನೋಡಿದರೆ ಆಯಿತು.

ಬೈನಾಕ್ಯುಲರ್ ಕೊಳ್ಳುವಾಗ 8×42 ಕೇಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು. 42 ಅಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರ್‌ನಲ್ಲಿ. 10 ಪಟ್ಟಿನದು ಇನ್ನೂ ಒಳ್ಳೆಯದು ಅಂತ ಅನ್ನಿಸುತ್ತದೆ, ಆದರೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಭಾರ ಬೇಡ ಅನ್ನುವವರಿಗೆ 8×32 ಇದೆ, ಮಬ್ಬು ಬೆಳಕಲ್ಲಿ ಸ್ವಲ್ಪ ಮಂಕು. ಬಳಸುವಾಗ ಹಕ್ಕಿಯ ಮೇಲಿಂದ ಕಣ್ಣು ತೆಗೆಯಬೇಡಿ. ಅದನ್ನೇ ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ, ಎತ್ತಿ, ಆಮೇಲೆ ಹುಡುಕಲು ಹೋದರೆ ಬರೀ ಎಲೆ ಕಾಣುತ್ತದೆ.

ರಾತ್ರಿ ಬಿಡುವಿರುವವರಿಗೆ ಆಕಾಶ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಫೋನ್ ಬೆಳಗಿಸಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಇದು ಚೂರುಪಾರು ಬಿಡುವಿನ ಕೆಲಸ ಅಲ್ಲ. ಚಂದ್ರನನ್ನು ನೋಡಲು ಮಾತ್ರ ಕತ್ತಲು ಬೇಡ. ಹುಣ್ಣಿಮೆಗಿಂತ ಅರ್ಧ ಚಂದ್ರನೇ ಚೆಂದ, ಬೆಳಕು ಕತ್ತಲು ಸೇರುವ ಗಡಿಯಲ್ಲಿ ನೆರಳು ಉದ್ದ ಬಿದ್ದು ಕುಳಿಗಳು ಎದ್ದು ಕಾಣುತ್ತವೆ. ಗೆಲಿಲಿಯೋ 1610ರಲ್ಲಿ ಕಂಡ ಗುರು ಗ್ರಹದ ನಾಲ್ಕು ಚಂದ್ರರು, ಕೈ ಅಲುಗದಂತೆ ಗೋಡೆಗೆ ಒರಗಿ ಹಿಡಿದರೆ ಈ 8×42ರಲ್ಲೇ ಚುಕ್ಕಿಗಳಾಗಿ ಕಾಣುತ್ತವೆ. ಕೃತ್ತಿಕೆಯ ನಕ್ಷತ್ರ ಗೊಂಚಲಂತೂ ಟೆಲಿಸ್ಕೋಪಿಗಿಂತ ಬೈನಾಕ್ಯುಲರ್‌ನಲ್ಲೇ ಚೆನ್ನ. ಯಾವುದು ಎಲ್ಲಿದೆ ಅಂತ ತಿಳಿಯಲು ಸ್ಟೆಲೇರಿಯಂ ಅನ್ನುವ ಆಕಾಶ ನಕ್ಷೆಯ ತಂತ್ರಾಂಶ ಸಾಕು, ಕಂಪ್ಯೂಟರ್‌ಗೆ ಉಚಿತವಾಗಿ ಸಿಗುತ್ತದೆ. ಶನಿಯ ಬಳೆ ನೋಡಬೇಕೆಂದರೆ ಟೆಲಿಸ್ಕೋಪ್ ಬೇಕೇ ಬೇಕು. ಆಗ ಪೆಟ್ಟಿಗೆಯ ಮೇಲೆ "500 ಪಟ್ಟು" ಅಂತ ಬರೆದ ಪುಟ್ಟ ಟೆಲಿಸ್ಕೋಪ್ ಕೊಳ್ಳಬೇಡಿ. ಮಸೂರ ಎಷ್ಟು ಮಿಲಿಮೀಟರ್ ಅಗಲವೋ ಅದರ ಎರಡು ಪಟ್ಟು, ಅಷ್ಟೇ ಉಪಯೋಗಕ್ಕೆ ಬರುವ ಮಿತಿ. 60 ಮಿಲಿಮೀಟರಿನದಾದರೆ 120. ಅದರ ಮೇಲೆ ಮಸುಕು ಮಾತ್ರ ದೊಡ್ಡದಾಗುತ್ತದೆ. ಮೋಡ, ಬೀದಿ ದೀಪ ನಿಮ್ಮ ಕೈಲಿಲ್ಲ ಅನ್ನುವುದೂ ನೆನಪಿರಲಿ. ನಗರದ ನಡುವೆ ಇರುವವರಿಗೆ ಹಕ್ಕಿಯೇ ಮೇಲು.

ಚೆಸ್: ಎದುರಾಳಿ ಬೇಕು ಅನ್ನುವವರಿಗೆ

ಚೆಸ್‌ಗೆ ಖರ್ಚೇ ಇಲ್ಲ. ಲಿಚೆಸ್ ಅನ್ನುವ ಜಾಲತಾಣದಲ್ಲಿ ಎಲ್ಲವೂ ಉಚಿತ, ಜಾಹೀರಾತೂ ಇಲ್ಲ. ಹತ್ತು ನಿಮಿಷದ ಆಟ ಬೇಕಾ, ಒಂದು ಗಂಟೆಯದಾ, ಐದು ನಿಮಿಷದ ಒಗಟಾ, ಎಲ್ಲ ಅಳತೆಯ ಬಿಡುವಿಗೂ ಒಂದೊಂದಿದೆ. ಆದರೆ ಗಡಿಯಾರ ಶುರುವಾದ ಮೇಲೆ ನಡುವೆ ಏಳುವಂತಿಲ್ಲ.

ಒಂದು ವಿಷಯ ತಿಳಿದು ಇಳಿಯಿರಿ. ಅಲ್ಲಿ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕ, ನೋಡಿ ನಿಮ್ಮಷ್ಟೇ ಆಡುವವರನ್ನು ಎದುರಿಗೆ ಕೂರಿಸುತ್ತಾರೆ. ನೀವು ಬೆಳೆದ ಹಾಗೆ ಎದುರಾಳಿಯೂ ಬಲವಾಗುತ್ತಾನೆ. ಅಂದರೆ ಎಷ್ಟು ಕಲಿತರೂ ಅರ್ಧದಷ್ಟು ಆಟ ಸೋಲುವುದು ತಪ್ಪುವುದಿಲ್ಲ. ಸೋತಾಗ "ಎಲ್ಲಿ ಎಡವಿದೆ" ಅಂತ ಕುತೂಹಲ ಹುಟ್ಟುವವರಿಗೆ ಇದಕ್ಕಿಂತ ಆಳದ ಆಟ ಸಿಗುವುದಿಲ್ಲ. ಸೋತರೆ ಸಿಟ್ಟು ಬಂದು "ಇನ್ನೊಂದೇ ಆಟ" ಅಂತ ರಾತ್ರಿ ಒಂದಾಗುವವರಿಗೆ ಇದು ವಿಶ್ರಾಂತಿ ಕೊಡುವುದಿಲ್ಲ. ಅಂಥವರು ಕೆಲವೇ ನಿಮಿಷದ ವೇಗದ ಆಟವಾದ ಬ್ಲಿಟ್ಜ್ ಬಿಟ್ಟು ನಿಧಾನದ ಆಟ ಆಡಲಿ, ಸಾಧ್ಯವಾದರೆ ಹಲಗೆ ಇಟ್ಟು ಎದುರಾಬದುರು. ಪರದೆಯ ದಣಿವೂ ತಪ್ಪುತ್ತದೆ, ಜೊತೆಗೆ ಮಾತಿಗೊಬ್ಬರು ಸಿಗುತ್ತಾರೆ.

ಗಿಡ: ದಿನಕ್ಕೆ ಐದು ನಿಮಿಷ, ಊರು ಬಿಡದಿದ್ದರೆ

ಗಿಡಕ್ಕೆ ಹೊತ್ತು ಕಡಿಮೆ ಸಾಕು, ಆದರೆ ನೀವು ಮನೆಯಲ್ಲಿರಬೇಕು. ತಿಂಗಳಲ್ಲಿ ಅರ್ಧ ಪ್ರಯಾಣದಲ್ಲಿರುವವರಿಗೆ ಇದು ಆಗಿಬರುವುದಿಲ್ಲ. ಮೊದಲು ಬಿಸಿಲು ನೋಡಿ. ಹೂ, ತರಕಾರಿ ಬೇಕೆಂದರೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಅಷ್ಟಿಲ್ಲದ ಮನೆಗೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್. ಕುಂಡದ ಗಿಡ ಸಾಯುವುದು ನೀರಿಲ್ಲದೆ ಅನ್ನುವುದಕ್ಕಿಂತ ನೀರು ಜಾಸ್ತಿಯಾಗಿ. ಬೆರಳನ್ನು ಮಣ್ಣಿಗೆ ಒಂದು ಗಿಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಫಲ ನಿಧಾನ. ಬೇಗ ಏನಾದರೂ ಕಾಣಬೇಕು ಅನ್ನುವವರು ಇದನ್ನು ಎರಡನೇ ಹವ್ಯಾಸವಾಗಿ ಇಟ್ಟುಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಬಿಡುವು ಚೂರುಚೂರಾಗಿ ಬರುತ್ತದೆ, ಕರೆದಾಗ ಏಳಬೇಕು ಅಂದರೆ ಕ್ರೋಶಾ ಅಥವಾ ಪೆನ್ಸಿಲ್ ಚಿತ್ರ. ದಿನವೂ ಒಂದೇ ಹೊತ್ತಿಗೆ ಕಾಲು ಗಂಟೆ ಗ್ಯಾರಂಟಿ ಅಂದರೆ ವಾದ್ಯ. ವಾರಕ್ಕೊಮ್ಮೆ ಅರ್ಧ ದಿನ ಸಿಗುವವರಿಗೆ ಹಕ್ಕಿ ಅಥವಾ ಜಲವರ್ಣ. ಕೈಯಲ್ಲಿ ದುಡ್ಡೇ ಇಲ್ಲದ ವಿದ್ಯಾರ್ಥಿಗೆ ಚೆಸ್, ಪೆನ್ಸಿಲ್, ಬೈನಾಕ್ಯುಲರ್ ಇಲ್ಲದ ಹಕ್ಕಿ ವೀಕ್ಷಣೆ, ಮೂರೂ ತೆರೆದಿವೆ. ಒಂದೇ ಸಲ ಸ್ವಲ್ಪ ಖರ್ಚು ಮಾಡಬಲ್ಲವರಿಗೆ ಬೈನಾಕ್ಯುಲರ್ ಅತಿ ಉಳಿತಾಯದ್ದು ಅಂತ ನನ್ನ ಲೆಕ್ಕ. ಕಣ್ಣು ಮಂದವಾಗುತ್ತಿರುವ ಹಿರಿಯರಿಗೆ ವಾದ್ಯ, ಕೂಗು ಕೇಳಿ ಹಕ್ಕಿ ಗುರುತಿಸುವುದು, ಗಿಡ ಒಗ್ಗುತ್ತವೆ.

"ಇದರಿಂದ ಸಂಪಾದನೆ ಆಗುತ್ತದಾ" ಅಂತ ಕೇಳುವವರೂ ಇದ್ದಾರೆ. ಮೊದಲ ವರ್ಷ ಆ ಯೋಚನೆ ಬೇಡ. ಮಾರಲು ಹೊರಟ ಕೂಡಲೇ ಬೇರೆಯವರಿಗೆ ಬೇಕಾದದ್ದು ಮಾಡಬೇಕಾಗುತ್ತದೆ, ಸಂಜೆಯ ಬಿಡುವು ಎರಡನೇ ಕೆಲಸವಾಗುತ್ತದೆ.

ಎಲ್ಲ ಅಳೆದ ಮೇಲೂ ಎರಡರ ನಡುವೆ ಸಿಕ್ಕಿಕೊಂಡಿದ್ದೀರಾ? ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದಕ್ಕೆ ಮೂರು ವಾರ ಕೊಡಿ, ಆಮೇಲೆ ಇನ್ನೊಂದಕ್ಕೆ ಮೂರು ವಾರ. ವಾದ್ಯ, ಬೈನಾಕ್ಯುಲರ್ ಇವನ್ನು ಅಷ್ಟರವರೆಗೆ ಎರವಲು ತನ್ನಿ, ಇಲ್ಲ ಬಾಡಿಗೆಗೆ ತನ್ನಿ. ಎಷ್ಟು ಕಲಿತಿರಿ ಅಂತ ನೋಡಬೇಡಿ. ಬೇರೆ ಕೆಲಸದ ನಡುವೆ ಯಾವುದರ ನೆನಪು ಬಂತು, ಯಾವುದನ್ನು ಯಾರೂ ಹೇಳದೆ ಕೈಗೆತ್ತಿಕೊಂಡಿರಿ ಅಂತ ನೋಡಿ. ಅದನ್ನು ಕೊಳ್ಳಿ. ಇನ್ನೊಂದನ್ನು ಎರವಲು ಕೊಟ್ಟವರಿಗೆ ವಾಪಸ್ ಮಾಡಿ.